‘ಮಮ್’ ನೋಡ್ತಾ ರಿಮೋಟ್ ಎತ್ತಿಕೊಂಡವನು ನಾನೇ

ಊರಲ್ಲಿರುವ ಅಮ್ಮಂದಿರನ್ನು ಇಂಗ್ಲೆಂಡಿಗೆ ಕರೆಸಿಕೊಳ್ಳುವ ಮಾತು ಬಂದಾಗೆಲ್ಲ ಇಲ್ಲಿರುವ ನಾವು ಹೇಳುವುದು ಇಷ್ಟನ್ನೇ. ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಆರೇ ತಿಂಗಳು, 2012ರಲ್ಲಿ ನಿಯಮ ಬಿಗಿಯಾದ ಮೇಲೆ ಕಾಯಂ ಕರೆಸಿಕೊಳ್ಳುವುದು ಬಲು ಕಷ್ಟ, ಚಳಿ ಬೇರೆ. ಎಲ್ಲ ನಿಜ. ಆದರೆ ಬಂದ ಮೇಲೆ ಅವರು ದಿನವಿಡೀ ಏನು ಮಾಡ್ತಾರೆ? ಅದನ್ನು ನಾನೂ ಕೇಳಿಕೊಂಡಿರಲಿಲ್ಲ. ಕೇಳಿಸಿದ್ದು ಒಂದು ಟಿವಿ ಸರಣಿ.

ಬಿಬಿಸಿಯ ‘ಮಮ್’, 2016ರಿಂದ 2019ರವರೆಗೆ ಬಂದದ್ದು. ಒಟ್ಟು 18 ಕಂತು, ಒಂದೊಂದೂ ಅರ್ಧ ಗಂಟೆ. ಕ್ಯಾಥಿಯ ಗಂಡನ ಅಂತ್ಯಕ್ರಿಯೆಯ ದಿನದಿಂದಲೇ ಕಥೆ ಶುರು. ಲೆಸ್ಲಿ ಮ್ಯಾನ್‌ವಿಲ್ ಆ ಪಾತ್ರ ಮಾಡಿದ್ದಾರೆ. ಮನೆ ತುಂಬ ಜನ, ಒಬ್ಬೊಬ್ಬರಿಗೂ ತಮ್ಮದೇ ಗೋಳು. ಅವಳ ಸಹೋದರ ಡೆರೆಕ್‌ನ ಜೊತೆಗಾತಿ ಪಾಲೀನ್ ಬಾಯಿ ತೆರೆದರೆ ಬರೀ ದೊಡ್ಡಸ್ತಿಕೆ, ಅತ್ತೆ ಮಾವ ಕೂತಲ್ಲೇ ಗೊಣಗುತ್ತಾರೆ, ಮಗ ಜೇಸನ್‌ನ ಗೆಳತಿ ಕೆಲ್ಲಿಗೆ ಎಲ್ಲಿ ಏನು ಮಾತಾಡಬೇಕು ಅಂತ ಗೊತ್ತಾಗಲ್ಲ (ಆದರೆ ಅಪ್ಪಟ ಒಳ್ಳೆ ಹುಡುಗಿ, ನನಗೆ ತುಂಬ ಇಷ್ಟವಾದವಳೂ ಅವಳೇ). ಕ್ಯಾಥಿ ಯಾರಿಗೂ ಎದುರು ಮಾತಾಡುವುದಿಲ್ಲ. ಸುಮ್ನೆ ಒಂದು ಸಣ್ಣ ನಗು, ಆಮೇಲೆ ಎದ್ದು ಹೋಗಿ ಟೀಗೆ ನೀರಿಡುತ್ತಾಳೆ. ನಗು ಬರುವುದೂ ಹೊಟ್ಟೆ ಕಿವುಚುವುದೂ ಅಲ್ಲೇ.

ಹಳೆಯ ಗೆಳೆಯ ಮೈಕಲ್‌ಗೆ ಅವಳ ಮೇಲೆ ಪ್ರೀತಿ, ಹೇಳಲು ಬಾಯಿ ಬರಲ್ಲ. ಕೊನೆಯ ಸೀಸನ್ನಿನ ಹೊತ್ತಿಗೆ ಅದು ಜೇಸನ್‌ಗೆ ಗೊತ್ತಾಗಿ ಉರಿದು ಬೀಳುತ್ತಾನೆ.

ಇದನ್ನು ಊರಿಂದ ಬಂದಿರುವ ನಮ್ಮಮ್ಮ, ನಾನು, ಹದಿಮೂರರ ಮಗಳು ಸೇರಿ ನೋಡುತ್ತಿದ್ದೆವು. ಅಪ್ಪ ಹೋಗಿ ಮೂರು ವರ್ಷ. ಮಗಳು ತಟ್ಟನೆ, "ಅಜ್ಜಿ, ನಿಮಗೂ ಒಬ್ಬ ಮೈಕಲ್ ಸಿಕ್ಕಿದ್ರೆ?" ಅಂದಳು. ನಾನು ರಿಮೋಟ್ ಎತ್ತಿಕೊಂಡೆ. ಇಲ್ಲಿ ಬೆಳೆದ ಮಕ್ಕಳಿಗೆ ಏನು ಕೇಳಬೇಕು, ಏನು ಕೇಳಬಾರದು ಅಂತ ಗೊತ್ತಿಲ್ಲ ಅಂತ ನಾನೇ ಎಷ್ಟು ಸಲ ಬರೆದಿದ್ದೇನೋ! ಅಮ್ಮ ನಕ್ಕುಬಿಟ್ಟರು. "ಬಿಡೋ, ಹುಡುಗಿ ಕೇಳಿದ್ರಲ್ಲಿ ತಪ್ಪೇನಿದೆ. ನನಗೆ ಯಾವ ಮೈಕಲ್ಲೂ ಬೇಡ ಮಾರಾಯ, ಮಾತಾಡೋಕೆ ನಾಲ್ಕು ಜನ ಇದ್ರೆ ಸಾಕು. ನೀನು ಫೋನ್ ಮಾಡಿದ್ರೂ ಮಾತ್ರೆ ತಗೊಂಡ್ಯಾ, ಇಲ್ಲಿಗೆ ಬಂದ್ರೂ ಮಾತ್ರೆ ತಗೊಂಡ್ಯಾ."

ನನಗೆ ಮಾತೇ ಹೊರಡಲಿಲ್ಲ. ಜೇಸನ್‌ನನ್ನು ಬೈಯುತ್ತಾ ಕೂತಿದ್ದವನು ನಾನು, ಅಲ್ವಾ.

ಹತ್ತಿರದ ಲೈಬ್ರರಿಯಲ್ಲಿ ಮಂಗಳವಾರ ಮಧ್ಯಾಹ್ನ ಹೆಣಿಗೆ ಗುಂಪು ಸೇರುತ್ತದಂತೆ, ಅಮ್ಮನೇ ನೋಡಿಕೊಂಡು ಬಂದಿದ್ದಾರೆ. ಅವತ್ತು ನನ್ನ ಚಿಕ್ಕ ಮಗನನ್ನು ಶಾಲೆಯಿಂದ ಕರೆತರಲು ಅವರಿಗಾಗಲ್ಲ, ನಾನೇ ಹೋಗಬೇಕು. ಆಫೀಸಿನಲ್ಲಿ ವಾರಕ್ಕೊಂದು ದಿನ ಬೇಗ ಹೊರಡಲು ಕೇಳಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಹೇಗೆ ಕೇಳಿದಿರಿ?