ಅಪ್‌ಡೇಟ್: ಮಡಿಕೇರಿ ಮನೆಗೆ ಕಡಿಮೆ ಬಜೆಟ್‌ನ ಮಾಡ್ಯುಲರ್ ಕಿಚನ್

ಬೆಂಗಳೂರಿನ ಅಗ್ಗದ ಅಂಗಡಿಯಿಂದ ರೆಡಿ ಕಿಚನ್ ತರಿಸಿದರೆ ಮಡಿಕೇರಿ ಮಳೆಗೆ ತಡೆಯುತ್ತಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಕೊನೆಗೆ ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ಮಾಡಿಸಿದೆವು.

ಅಂಗಡಿಯ ಬಾಕ್ಸ್‌ಗಳು (ಬಾಗಿಲಿಲ್ಲದ ಕಪಾಟಿನ ಒಡಲು) ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ. ಮೇಲೆ ಲ್ಯಾಮಿನೇಟ್ ಇದ್ದರೂ ಅಂಚಿನಿಂದ, ಸ್ಕ್ರೂ ತೂತಿನಿಂದ ನೀರು ಇಳಿದರೆ ಉಬ್ಬುತ್ತದೆ. ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಮಳೆಗಾಲವಿಡೀ ಬಟ್ಟೆಯೇ ಒಣಗದ ಊರಲ್ಲಿ ಸಿಂಕ್ ಕೆಳಗೆ ಅದನ್ನಿಡಲು ಧೈರ್ಯ ಬರಲಿಲ್ಲ. ಕೆಳಗಿನ ಬಾಕ್ಸ್‌ಗಳನ್ನು ಇಲ್ಲಿನ ಬಡಗಿಯಿಂದ ಬಿಡಬ್ಲ್ಯುಪಿ (ಕುದಿಯುವ ನೀರಿಗೂ ತಡೆಯುವ) ಪ್ಲೈವುಡ್‌ನಲ್ಲಿ ಮಾಡಿಸಿದೆವು. ಪ್ಲೈವುಡ್ ಹಾಳೆಯ ಮೇಲೆ ಐಎಸ್ 710 ಅನ್ನೋ ಭಾರತೀಯ ಮಾನಕದ ಗುರುತು ಇದೆಯಾ ನೋಡಿ. ಎಂಆರ್ (ತೇವ ತಡೆಯುವ) ಪ್ಲೈವುಡ್ ಅಂತ ಕೊಡುವುದು ತೇವಕ್ಕೆ ಸರಿ, ನೀರಿಗಲ್ಲ.

ಬಾಗಿಲು, ಡ್ರಾಯರ್, ಮೇಲಿನ ಕಪಾಟು ಮಾತ್ರ ಅಂಗಡಿಯದ್ದು. ಬಾಗಿಲು ಮೊದಲೇ ತರಿಸಿ, ಅದರ ಅಳತೆಗೆ ಬಾಕ್ಸ್ ಮಾಡಿ ಅಂದೆ. ಬಡಗಿ ಸ್ವಲ್ಪ ಗೊಣಗಿದರು, ಆದರೆ ಕೆಲಸ ಚೊಕ್ಕ. ಬಾಗಿಲಿನ ಕೀಲುಗಳು 304 ಸ್ಟೀಲ್ (ಸುಲಭಕ್ಕೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್), ಇದರಲ್ಲಿ ಮಾತ್ರ ಜಿಪುಣತನ ಬೇಡ.

ಅತ್ತೆಯ ಕಡಂಬುಟ್ಟು (ಕೊಡಗಿನ ಅಕ್ಕಿ ಉಂಡೆ ಕಡುಬು) ಬೇಯಿಸುವ ಪಾತ್ರೆ ಯಾವ ಡ್ರಾಯರ್‌ಗೂ ಹಿಡಿಯಲಿಲ್ಲ. ಅದಕ್ಕೇ ಅಂತ ಒಂದು ಬಾಕ್ಸ್ ಖಾಲಿ ಬಿಟ್ಟಿದ್ದೇವೆ.