ದೂರದೇಶದ ರಜೆಗೆ ಟಿಕೆಟ್: ದರ ನೋಡಬೇಕೋ, ನಡುವಿನ ನಿಲ್ದಾಣ ನೋಡಬೇಕೋ?

ಪ್ರಶ್ನೆ: ನಮಸ್ಕಾರ. ವಿಮಾನ ಟಿಕೆಟ್ ಬುಕಿಂಗ್ ವೃತ್ತಿಯಲ್ಲಿರುವವರ ಸಲಹೆ ಬೇಕಾಗಿದೆ. ನಾನು, ನನ್ನ ಪತ್ನಿ, ಆರು ವರ್ಷದ ಮಗಳು ಮತ್ತು ಮಂಡಿನೋವಿನಿಂದ ಬಳಲುತ್ತಿರುವ 68 ವರ್ಷದ ನನ್ನ ತಾಯಿ, ಹೀಗೆ ನಾಲ್ವರು ಮೂರು ವಾರಗಳ ರಜೆಗೆ ವಿದೇಶಕ್ಕೆ ಹೊರಟಿದ್ದೇವೆ. ನೇರ ವಿಮಾನ ಇಲ್ಲದ ಕಾರಣ ಒಂದು ಕಡೆ ವಿಮಾನ ಬದಲಿಸಲೇಬೇಕು. ನಮ್ಮ ಮುಂದೆ ಎರಡು ಆಯ್ಕೆಗಳಿವೆ. ಮೊದಲನೆಯದರಲ್ಲಿ ಎರಡು ಕಂಪನಿಗಳ ಎರಡು ಪ್ರತ್ಯೇಕ ಟಿಕೆಟ್‌ಗಳು; ನಡುವೆ 2 ಗಂಟೆ 10 ನಿಮಿಷ; ಬೆಳಗಿನ 5.40ಕ್ಕೆ ತಲುಪುತ್ತೇವೆ, ದರ ಐದನೇ ಒಂದು ಭಾಗದಷ್ಟು ಕಡಿಮೆ. ಎರಡನೆಯದು ಒಂದೇ ಟಿಕೆಟ್, ನಡುವೆ 3 ಗಂಟೆ 50 ನಿಮಿಷ, ಸಂಜೆ 4.30ಕ್ಕೆ ತಲುಪುತ್ತೇವೆ. ಯಾವುದು ಒಳ್ಳೆಯದು?

ಉತ್ತರ: ನಮಸ್ಕಾರ ಸರ್. 22 ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ಕುಟುಂಬಕ್ಕೆ ಎರಡನೆಯದನ್ನೇ ತೆಗೆದುಕೊಳ್ಳಿ ಎಂದು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಮೊದಲ ಆಯ್ಕೆಯ 2 ಗಂಟೆ 10 ನಿಮಿಷವನ್ನು ಸ್ವಲ್ಪ ಬಿಡಿಸಿ ನೋಡೋಣ. ಟಿಕೆಟ್‌ಗಳು ಬೇರೆಬೇರೆಯಾಗಿದ್ದಾಗ ನಿಮ್ಮ ಲಗೇಜ್ ಸಾಮಾನ್ಯವಾಗಿ ನಡುವಿನ ನಿಲ್ದಾಣದವರೆಗೆ ಮಾತ್ರ ಬರುತ್ತದೆ. ಅಲ್ಲಿ ನೀವು ಇಮಿಗ್ರೇಷನ್ ದಾಟಿ ಆ ದೇಶದೊಳಗೆ ಕಾಲಿಟ್ಟು, ಬೆಲ್ಟಿನ ಬಳಿ ಬ್ಯಾಗುಗಳಿಗಾಗಿ ಕಾದು, ಅವುಗಳನ್ನು ಎಳೆದುಕೊಂಡು ಎರಡನೆಯ ಕಂಪನಿಯ ಕೌಂಟರಿಗೆ ಹೋಗಿ ಮತ್ತೆ ಚೆಕ್-ಇನ್ ಮಾಡಿಸಬೇಕು. ಅಂತರರಾಷ್ಟ್ರೀಯ ವಿಮಾನಗಳ ಚೆಕ್-ಇನ್ ಕೌಂಟರ್ ಬಹುತೇಕ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅಂದರೆ ನಿಮ್ಮ ಕೈಯಲ್ಲಿ ನಿಜವಾಗಿ ಉಳಿಯುವುದು 70 ನಿಮಿಷ. ತಾಯಿಯವರಿಗೆ ವೀಲ್‌ಚೇರ್ ಕೇಳಿದರೆ (ಖಂಡಿತ ಕೇಳಿ), ವೀಲ್‌ಚೇರ್ ಪ್ರಯಾಣಿಕರನ್ನು ಸಾಮಾನ್ಯವಾಗಿ ಎಲ್ಲರೂ ಇಳಿದ ಮೇಲೆಯೇ ಇಳಿಸುತ್ತಾರೆ. ದೊಡ್ಡ ವಿಮಾನ ಖಾಲಿಯಾಗಲು ಇಪ್ಪತ್ತು ನಿಮಿಷವಾದರೂ ಬೇಕು. ಮೊದಲ ವಿಮಾನ ಸರಿಯಾದ ಸಮಯಕ್ಕೆ ಬಂದರೂ ನಿಮಗೆ ಐವತ್ತು ನಿಮಿಷ ಮಾತ್ರ ಸಿಗುತ್ತದೆ.

ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿಹೋದರೆ, ಎರಡನೆಯ ಕಂಪನಿಯ ದೃಷ್ಟಿಯಲ್ಲಿ ನೀವು ಬಾರದೇ ಉಳಿದ ಪ್ರಯಾಣಿಕರು. ಆ ಟಿಕೆಟ್‌ನಲ್ಲಿ ವಾಪಸು ಪ್ರಯಾಣವೂ ಸೇರಿದ್ದರೆ ಸಾಮಾನ್ಯವಾಗಿ ಅದೂ ಅಲ್ಲಿಗೇ ರದ್ದಾಗುತ್ತದೆ. ಒಂದೇ ಟಿಕೆಟ್ ಆಗಿದ್ದರೆ, ಮೊದಲ ವಿಮಾನದ ವಿಳಂಬದಿಂದ ಎರಡನೆಯದು ತಪ್ಪಿದಾಗ ಮುಂದಿನ ವಿಮಾನಕ್ಕೆ ಹೆಚ್ಚಿನ ಹಣ ಪಡೆಯದೆ ಕಳುಹಿಸುವ ಹೊಣೆ ವಿಮಾನ ಕಂಪನಿಯದು.

ವೃತ್ತಿಯ ಆರಂಭದ ವರ್ಷಗಳಲ್ಲಿ ನಾನೇ ಒಬ್ಬ ವೃದ್ಧ ದಂಪತಿಗೆ ಹೀಗೆ ಎರಡು ಟಿಕೆಟ್ ಜೋಡಿಸಿ ಕೊಟ್ಟಿದ್ದೆ. ಮೊದಲ ವಿಮಾನ ಐವತ್ತು ನಿಮಿಷ ತಡವಾಯಿತು. ರಾತ್ರಿ ಎರಡು ಗಂಟೆಗೆ ಆ ತಾಯಿ ಫೋನ್ ಮಾಡಿ, ಬೈಯದೆ, ‘ನಮ್ಮ ಬ್ಯಾಗುಗಳು ಎಲ್ಲಿಗೆ ಬರುತ್ತವೆ, ನಾವು ಎಲ್ಲಿ ಕೂತಿರಬೇಕು?’ ಎಂದಷ್ಟೇ ಕೇಳಿದರು. ಉಳಿಸಿದ ಹಣದ ಹಲವು ಪಟ್ಟು ಅಂದು ಹೊಸ ಟಿಕೆಟ್‌ಗೆ ಹೋಯಿತು. ಅಂದಿನಿಂದ ವಯಸ್ಸಾದವರಿಗೆ ಮತ್ತು ಮಕ್ಕಳಿರುವವರಿಗೆ ಪ್ರತ್ಯೇಕ ಟಿಕೆಟ್ ಜೋಡಿಸಿ ಕೊಡುವುದನ್ನು ನಿಲ್ಲಿಸಿದ್ದೇನೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಬುಕಿಂಗ್ ತಾಣಗಳಲ್ಲಿ ಎರಡು ಕಂಪನಿಗಳ ವಿಮಾನಗಳನ್ನು ಒಂದೇ ದರದಲ್ಲಿ ತೋರಿಸುತ್ತಾರೆ. ಅದು ಒಂದೇ ಟಿಕೆಟ್ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ. ಹಣ ಒಂದೇ ಸಲ ಕಟ್ಟಿದ ಮಾತ್ರಕ್ಕೆ ಟಿಕೆಟ್ ಒಂದಾಗುವುದಿಲ್ಲ. ಹಣ ಕಟ್ಟುವ ಮೊದಲು ವಿವರಗಳಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದೋ, ಲಗೇಜನ್ನು ಪಡೆದು ಮತ್ತೆ ಚೆಕ್-ಇನ್ ಮಾಡಿಸಬೇಕೆಂದೋ ಬರೆದಿದೆಯೇ ನೋಡಿ. ಹಾಗೆ ಬರೆದಿದ್ದರೆ ಅವು ಎರಡು ಪ್ರತ್ಯೇಕ ಟಿಕೆಟ್‌ಗಳೇ. ಬುಕ್ ಆದ ಮೇಲೆ ಪಿಎನ್‌ಆರ್ ಒಂದನ್ನೇ ನಂಬಬೇಡಿ. ಒಂದೇ ಟಿಕೆಟ್‌ಗೂ ಎರಡು ಕಂಪನಿಗಳು ತಮ್ಮತಮ್ಮ ಪಿಎನ್‌ಆರ್ ಕೊಡುವುದುಂಟು. ನೋಡಬೇಕಾದದ್ದು 13 ಅಂಕಿಗಳ ಇ-ಟಿಕೆಟ್ ಸಂಖ್ಯೆಯನ್ನು. ಅದರ ಮೊದಲ ಮೂರು ಅಂಕಿಗಳು ಟಿಕೆಟ್ ಯಾವ ಕಂಪನಿಯದೆಂದು ಹೇಳುತ್ತವೆ. ಒಂದು ಇ-ಟಿಕೆಟ್‌ನಲ್ಲಿ ನಾಲ್ಕು ವಿಮಾನಗಳವರೆಗೆ ಸೇರಿಸಬಹುದಾದ್ದರಿಂದ, ಹೋಗುವಾಗ ಎರಡು, ಬರುವಾಗ ಎರಡು ವಿಮಾನಗಳಿರುವ ಪ್ರಯಾಣದಲ್ಲಿ ಒಬ್ಬ ಪ್ರಯಾಣಿಕರಿಗೆ ಒಂದೇ ಸಂಖ್ಯೆ ಇದ್ದರೆ ನಿಶ್ಚಿಂತೆಯಿಂದಿರಿ.

ಮೂಲ ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದಗಳು ಸರ್. ಎರಡನೆಯದನ್ನೇ ಆರಿಸಿಕೊಳ್ಳುತ್ತೇವೆ. ಆದರೆ ಬೆಳಿಗ್ಗೆ ತಲುಪಿದರೆ ಒಂದು ದಿನ ಹೆಚ್ಚು ಸಿಗುತ್ತದೆ ಎಂಬ ಆಸೆ ನಮಗಿತ್ತು. ಸಂಜೆ ತಲುಪಿದರೆ ಆ ದಿನ ವ್ಯರ್ಥವಾಗುವುದಿಲ್ಲವೇ?

ಉತ್ತರ: ಲೆಕ್ಕದಲ್ಲಿ ಒಂದು ದಿನ ಸಿಗುತ್ತದೆ, ನಿಜ. ಆದರೆ ಹೆಚ್ಚಿನ ಹೋಟೆಲ್‌ಗಳಲ್ಲಿ ಕೊಠಡಿ ಸಿಗುವುದು ಮಧ್ಯಾಹ್ನ ಎರಡು ಅಥವಾ ಮೂರು ಗಂಟೆಗೆ. ಕುಳಿತೇ ರಾತ್ರಿ ಕಳೆದ ತಾಯಿಯವರನ್ನೂ ನಿದ್ದೆಗಣ್ಣಿನ ಮಗುವನ್ನೂ ಕರೆದುಕೊಂಡು ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಎಲ್ಲಿರುತ್ತೀರಿ? ಸಂಜೆ ನಾಲ್ಕೂವರೆಗೆ ಇಳಿದರೆ ಆರೂವರೆ, ಏಳರೊಳಗೆ ಕೊಠಡಿ ಸೇರಿ, ಊಟ ಮಾಡಿ, ಅಲ್ಲಿನ ರಾತ್ರಿಗೆ ಸರಿಯಾಗಿ ಮಲಗಬಹುದು. ಎರಡು ದೇಶಗಳ ಗಡಿಯಾರದ ವ್ಯತ್ಯಾಸದಿಂದಾಗುವ ಬಳಲಿಕೆ, ಅಂದರೆ ಜೆಟ್ ಲ್ಯಾಗ್, ಕಳೆಯಲು ದೇಹಕ್ಕೆ ಸ್ಥೂಲವಾಗಿ ಪ್ರತಿ ಒಂದು ಗಂಟೆಯ ವ್ಯತ್ಯಾಸಕ್ಕೆ ಒಂದು ದಿನ ಬೇಕೆನ್ನುತ್ತಾರೆ. ನಮ್ಮ ಒಳಗಡಿಯಾರದ ಸುತ್ತು 24 ಗಂಟೆಗಿಂತ ತುಸು ಉದ್ದವಾಗಿರುವುದರಿಂದ ದಿನವನ್ನು ಹಿಗ್ಗಿಸುವುದು ದೇಹಕ್ಕೆ ಸುಲಭ, ಕುಗ್ಗಿಸುವುದು ಕಷ್ಟ. ಪಶ್ಚಿಮಕ್ಕೆ ಹಾರಿದರೆ ದಿನ ಹಿಗ್ಗುತ್ತದೆ, ಪೂರ್ವಕ್ಕೆ ಹಾರಿದರೆ ಕುಗ್ಗುತ್ತದೆ. ಆದಕಾರಣವೇ ಪೂರ್ವಕ್ಕೆ ಹಾರಿದವರು ಪಶ್ಚಿಮಕ್ಕೆ ಹಾರಿದವರಿಗಿಂತ ಹೆಚ್ಚು ಬಳಲುತ್ತಾರೆ. ನಿಮ್ಮದು ಪೂರ್ವದ ಪ್ರಯಾಣವಾದರೆ ಮೊದಲ ಎರಡು ದಿನಗಳಿಗೆ ದೊಡ್ಡ ಕಾರ್ಯಕ್ರಮ ಹಾಕಿಕೊಳ್ಳಬೇಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ವಿಮಾನ ಬದಲಿಸುವ ದೇಶದ ವೀಸಾ ಬೇಕಾಗುತ್ತದೆಯೇ?

ಉತ್ತರ: ದೇಶವನ್ನೂ ನಿಮ್ಮ ಪಾಸ್‌ಪೋರ್ಟನ್ನೂ ಅವಲಂಬಿಸಿದೆ, ಆ ದೇಶದ ಅಧಿಕೃತ ತಾಣದಲ್ಲಿ ನೋಡಿಯೇ ಹಣ ಕಟ್ಟಿ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವವರೂ ಇಮಿಗ್ರೇಷನ್ ದಾಟಬೇಕು. ವೀಸಾ ವಿನಾಯಿತಿ ಇಲ್ಲದವರಿಗೆ ಟ್ರಾನ್ಸಿಟ್ ವೀಸಾ ಬೇಕು. ಫ್ರಾಂಕ್‌ಫರ್ಟ್‌ನಲ್ಲಿ ಬದಲಿಸಿ ರೋಮ್‌ಗೆ ಹೋಗುವವರಿಗೆ ಷೆಂಗೆನ್ (ತಮ್ಮತಮ್ಮ ನಡುವೆ ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು) ಪ್ರವೇಶದ ತಪಾಸಣೆ ಫ್ರಾಂಕ್‌ಫರ್ಟ್‌ನಲ್ಲೇ ನಡೆಯುತ್ತದೆ, ಆದ್ದರಿಂದ ಆ ಸಾಲಿನ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆಯೇ ಬಂದಿಳಿಯುವ ಮತ್ತು ಮುಂದೆ ಹೊರಡುವ ನಿಲ್ದಾಣ ಒಂದೇ ಆಗಿದೆಯೇ ಎಂದು ಗಮನಿಸಿ. ಟೋಕಿಯೊ ಎಂದಷ್ಟೇ ಓದಿ ಬುಕ್ ಮಾಡಿದವರು ನರೀಟಾದಲ್ಲಿ ಇಳಿದು ಹನೇಡಾಕ್ಕೆ ರಸ್ತೆಯಲ್ಲೋ ರೈಲಿನಲ್ಲೋ ಓಡಬೇಕಾದೀತು.

ಮೂಲ ಪ್ರಶ್ನೆ ಕೇಳಿದವರು: ಸೀಟುಗಳನ್ನು ಈಗಲೇ ಆರಿಸಿಕೊಳ್ಳಬೇಕೇ? ಅದಕ್ಕೆ ಬೇರೆ ಶುಲ್ಕ ಕೇಳುತ್ತಿದ್ದಾರೆ.

ಉತ್ತರ: ನಿಮ್ಮ ವಿಷಯದಲ್ಲಿ ಆ ಶುಲ್ಕ ಕೊಡುವುದು ಯೋಗ್ಯ ಎಂಬುದು ನನ್ನ ಅಭಿಪ್ರಾಯ. ಮೊದಲು ವಿಮಾನ ಯಾವುದೆಂದು ನೋಡಿ. ಏರ್‌ಬಸ್ ಎ330ರ ಇಕಾನಮಿಯಲ್ಲಿ ಸಾಮಾನ್ಯವಾಗಿ ಸಾಲಿಗೆ ಎರಡು, ನಾಲ್ಕು, ಎರಡು ಸೀಟುಗಳಿರುತ್ತವೆ. ನಡುವಿನ ನಾಲ್ಕು ನಿಮ್ಮ ಕುಟುಂಬಕ್ಕೆ ಹೇಳಿ ಮಾಡಿಸಿದಂತಿವೆ. ತಾಯಿಯವರಿಗೆ ಓಡಾಟದ ದಾರಿಯ ಬದಿ, ಮಗಳು ಮಧ್ಯದಲ್ಲಿ. ಬೋಯಿಂಗ್ 787 ಮತ್ತು ಎ350ಗಳಲ್ಲಿ ಹೆಚ್ಚಾಗಿ ಮೂರು ಮೂರು ಸೀಟುಗಳ ಮೂರು ಗುಂಪುಗಳಿರುವುದರಿಂದ ಒಬ್ಬರು ದಾರಿಯ ಆಚೆ ಕುಳಿತುಕೊಳ್ಳಬೇಕಾಗುತ್ತದೆ. ಆದರೆ ಹಳೆಯ ವಿಮಾನಗಳಲ್ಲಿ ಒಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿರುವಂತಿದ್ದರೆ ಈ ಎರಡರಲ್ಲಿ ಸುಮಾರು 6,000 ಅಡಿಯಷ್ಟಕ್ಕೆ ಇಟ್ಟಿರುತ್ತಾರೆ. ವಯಸ್ಸಾದವರಿಗೆ ಆ ವ್ಯತ್ಯಾಸ ಮೈಗೆ ತಿಳಿಯುತ್ತದೆ ಎಂದು ನನ್ನ ಗ್ರಾಹಕರು ಹೇಳುತ್ತಾರೆ.

ತಾಯಿಯವರಿಗೆ ದಾರಿಯ ಬದಿಯ ಸೀಟನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕದಲದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಯಾರನ್ನೂ ಎಬ್ಬಿಸದೆ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕುವ ಅನುಕೂಲ ಅವರಿಗಿರಬೇಕು. ಹೊರಡುವ ಮೊದಲು ಅವರ ವೈದ್ಯರನ್ನೊಮ್ಮೆ ಕೇಳಿ. ವೀಲ್‌ಚೇರ್ ಬೇಡಿಕೆಯನ್ನು ಬುಕ್ ಮಾಡುವಾಗಲೇ, ತಪ್ಪಿದರೆ 48 ಗಂಟೆ ಮೊದಲಾದರೂ ದಾಖಲಿಸಿ.

ಮೂಲ ಪ್ರಶ್ನೆ ಕೇಳಿದವರು: ಬುಕ್ ಮಾಡಿದೆವು ಸರ್, ಎ330ರ ನಡುವಿನ ನಾಲ್ಕು ಸೀಟುಗಳೇ ಸಿಕ್ಕಿವೆ. ತಾಯಿಗೆ ತುಂಬಾ ಸಂತೋಷವಾಗಿದೆ. ಹೊರಡುವ ದಿನ ಇನ್ನೇನಾದರೂ ಗಮನಿಸಬೇಕೇ?

ಉತ್ತರ: ತುಂಬಾ ಸಂತೋಷ. ಒಂದು ಕೆಲಸ ಮಾಡಿ. ಕೌಂಟರಿನಲ್ಲಿ ಬ್ಯಾಗಿನ ಹಿಡಿಕೆಗೆ ಅಂಟಿಸುವ ಉದ್ದನೆಯ ಚೀಟಿಯಲ್ಲಿ ಮೂರಕ್ಷರದ ಸಂಕೇತವೊಂದು ದಪ್ಪಕ್ಷರದಲ್ಲಿ ಇರುತ್ತದೆ. ಅದು ನಡುವಿನ ನಿಲ್ದಾಣದ್ದಾಗಿರದೆ ನೀವು ಕೊನೆಗೆ ಇಳಿಯುವ ಊರಿನದಾಗಿರಬೇಕು. ಬ್ಯಾಗು ಬೆಲ್ಟಿನ ಮೇಲೆ ಸಾಗುವ ಮೊದಲೇ ಬಗ್ಗಿ ಓದಿ, ತಪ್ಪಿದ್ದರೆ ಅಲ್ಲೇ ಹೇಳಿ. ಅವರು ಕೊಡುವ ಚಿಕ್ಕ ಚೀಟಿಗಳನ್ನು ಕೂಡಲೇ ಫೋಟೋ ತೆಗೆದಿಟ್ಟುಕೊಳ್ಳಿ. ಬ್ಯಾಗು ಬಾರದಿದ್ದರೆ ನಿಲ್ದಾಣದಿಂದ ಹೊರಬರುವ ಮೊದಲೇ ದೂರು ದಾಖಲಿಸಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗು ಹಾಳಾಗಿದ್ದರೆ ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ತಾಯಿಯವರ ಔಷಧಿಗಳು ಮತ್ತು ಮಗಳ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.