ಊಟದ ಹೊತ್ತಿಗೆ ವೆಬ್‌ಮೇಲ್ ತೆರೆಯಲ್ಲ, ಅನುಭವ ಇದ್ದೋರು ಹೇಳ್ರಿ

ಮಂಡಿಪೇಟೆ: ದಾವಣಗೆರೆ ಆಫೀಸು, 38 ಮೇಲ್‌ಬಾಕ್ಸ್. ಹೊರಗಿನ ಡೇಟಾ ಸೆಂಟರಲ್ಲಿರೋ ಬಾಡಿಗೆ ಸರ್ವರ್ (ವಿಪಿಎಸ್) ಮೇಲೆ ಡೋವ್‌ಕಾಟ್ (ಮೇಲ್‌ಬಾಕ್ಸ್ ನೋಡ್ಕೊಳ್ಳೋದು), ರೌಂಡ್‌ಕ್ಯೂಬ್ (ಬ್ರೌಸರಲ್ಲಿ ಮೇಲ್ ತೋರಿಸೋದು). ಆಗಾಗ ಮಧ್ಯಾಹ್ನ ಆಫೀಸಿನ ಒಂದು ಕಂಪ್ಯೂಟರಲ್ಲೂ ವೆಬ್‌ಮೇಲ್ ತೆರೆಯಲ್ಲ, ಮೊಬೈಲ್ ಡೇಟಾದಲ್ಲಿ ತೆರೆಯುತ್ತೆ. ಹತ್ತು ನಿಮಿಷಕ್ಕೆ ತಾನೇ ಸರಿ ಹೋಗುತ್ತೆ. ಎಲ್ಲಿಂದ ಹುಡುಕ್ಲಿ? ಮಾನಿಟರಿಂಗ್ ಯಾವುದು ಇಡ್ಲಿ?

ಹರಿಹರ: ಸೈಟಿನ ಗುರುತು ಸಾಬೀತು ಮಾಡೋ ಸರ್ಟಿಫಿಕೇಟ್ ನೋಡ್ರಿ ಮೊದ್ಲು. ಪುಕ್ಕಟೆ ಸಿಗೋ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ 90 ದಿನದ್ದು, ಮುಗೀತಾ ಬಂತು ಅಂತ ಬರ್ತಿದ್ದ ಮೇಲ್ ಕೂಡ 2025ರ ಜೂನ್ 4ಕ್ಕೆ ನಿಂತೋಯ್ತು. ಫೈರ್‌ವಾಲಲ್ಲಿ 80ನೇ ಪೋರ್ಟ್ ಮುಚ್ಚಿದ್ರೆ ಎಚ್‌ಟಿಟಿಪಿ ಚಾಲೆಂಜ್ (ಡೊಮೇನ್ ನಮ್ದೇ ಅನ್ನೋ ಪರೀಕ್ಷೆ) ಫೇಲ್, ರಿನ್ಯೂ ಆಗಲ್ಲ. ಅದಕ್ಕಿಂತ ಕೆಟ್ಟದ್ದು: ರಿನ್ಯೂ ಮಾಡೋ ಸರ್ಟ್‌ಬಾಟ್ ಫೈಲ್ ಹೊಸದು ಮಾಡಿರುತ್ತೆ, ವೆಬ್ ಸರ್ವರ್ ಎಂಜಿನ್‌ಎಕ್ಸ್ ರಿಲೋಡ್ ಆಗಿರಲ್ಲ, ಹಳೇದನ್ನೇ ಬಡಿಸ್ತಿರುತ್ತೆ. ಡೋವ್‌ಕಾಟೂ ಅಷ್ಟೇ. ರಿನ್ಯೂ ಆದ ಕೂಡ್ಲೇ ಓಡೋ ಡಿಪ್ಲಾಯ್ ಹುಕ್‌ನಲ್ಲಿ ಎರಡಕ್ಕೂ ರಿಲೋಡ್ ಹಾಕ್ರಿ. ತಾರೀಖು ಡಿಸ್ಕಿನ ಫೈಲಲ್ಲಿ ನೋಡಬ್ಯಾಡ್ರಿ, ಹೊರಗಿಂದ 443ಕ್ಕೂ (ವೆಬ್) 993ಕ್ಕೂ (ಮೇಲ್) ಓಪನ್ಎಸ್ಎಸ್ಎಲ್ ಕಮಾಂಡ್ ಹೊಡೆದು ನೋಡ್ರಿ.

ವಿದ್ಯಾನಗರ: 80ನೇ ಪೋರ್ಟ್ ತೆರೆದಿಡು ಅನ್ನೋ ಸಲಹೆ ಯಾರಿಗೂ ಕೊಡಬೇಡಿ. ಡೊಮೇನಿನ ದಾಖಲೆಯಲ್ಲೇ ಸಾಬೀತು ಮಾಡೋ ಡಿಎನ್‌ಎಸ್ ಚಾಲೆಂಜ್ ಇದೆ, 80 ಬೇಕೇ ಇಲ್ಲ. ನಮ್ಮದು ಮೈಕ್ರೋಸಾಫ್ಟಿನ ಮೇಲ್ ಸರ್ವರ್ ಎಕ್ಸ್‌ಚೇಂಜ್, ಪರವಾನಗಿಗೆ ಸುರಿದ ದುಡ್ಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರ್ತಿತ್ತು, ಆದ್ರೂ ಪಶ್ಚಾತ್ತಾಪ ಇಲ್ಲ. ಲಾಗಿನ್ ಆದಮೇಲೆ ಬಿಳಿ ಪುಟ ಬಂದ್ರೆ ಅದರ ವೆಬ್ ಸರ್ವರ್ ಐಐಎಸ್‌ನಲ್ಲಿ ಬ್ಯಾಕ್ ಎಂಡ್ ಸೈಟಿನ 444ನೇ ಪೋರ್ಟಿಗೆ ಸರ್ಟಿಫಿಕೇಟ್ ಕಟ್ಟಿದೆಯಾ ನೋಡಿ. ಹಳೇದನ್ನ ಯಾರೋ ಡಿಲೀಟ್ ಮಾಡಿದ್ರೆ ವಿಂಡೋಸ್ ಲಾಗಲ್ಲಿ ಇವೆಂಟ್ 15021 ಸಾಲುಗಟ್ಟಿ ಬಂದಿರುತ್ತೆ. ಎಕ್ಸ್‌ಚೇಂಜ್ ತನ್ನೊಳಗೇ ಗುರುತು ಪರೀಕ್ಷೆಗೆ ಬಳಸೋ ಆತ್ ಸರ್ಟಿಫಿಕೇಟ್ 5 ವರ್ಷದ್ದು, ಅದನ್ನ ಎಲ್ಲರೂ ಮರೀತಾರೆ. ಅದು ಸತ್ತರೆ ವೆಬ್‌ಮೇಲೂ ಅಡ್ಮಿನ್ ಪೇಜೂ ಒಟ್ಟಿಗೆ ಹೋಗ್ತವೆ. ಹೊಸದು ಹಾಕಿದ್ರೂ ತಕ್ಷಣ ಹಿಡಿಯಲ್ಲ, ಒಂದು ತಾಸಾದ್ರೂ ಕಾಯಬೇಕು. ಆ ಹೊತ್ತಲ್ಲಿ ಗಾಬರಿಯಾಗಿ ಮತ್ತೊಂದು ಹೊಸದು ಮಾಡಬೇಡಿ.

ಹರಿಹರ: ಎಕ್ಸ್‌ಚೇಂಜ್ 2016, 2019 ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು. ಕಾರು ಹೋಯ್ತಲ್ಲ ಸ್ವಾಮಿ.

ವಿದ್ಯಾನಗರ: ಅದರ ಮುಂದಿನ ಆವೃತ್ತಿ ಸಬ್‌ಸ್ಕ್ರಿಪ್ಷನ್ ಎಡಿಷನ್ ಅದೇ ವರ್ಷದ ಜುಲೈ 1ಕ್ಕೇ ಬಂದಿದೆ, ಓದ್ಕೊಂಡು ಬನ್ನಿ. ನಿಮ್ಮ ರೌಂಡ್‌ಕ್ಯೂಬ್ 1.6.11 ದಾಟಿದೆಯಾ? 1.6ರ ಸಾಲಲ್ಲಿ ಅದಕ್ಕಿಂತ ಹಳೇದಾದ್ರೆ, ಒಂದು ಪಾಸ್‌ವರ್ಡ್ ಸಿಕ್ಕವನು ಸರ್ವರಲ್ಲೇ ಕೋಡ್ ಓಡಿಸ್ತಾನೆ.

ಚಳ್ಳಕೆರೆ: ಇಬ್ರೂ ಸುಮ್ಕಿರ್ರಪ್ಪ. ಡಿಸ್ಕ್ ನೋಡ್ರಿ, ಅದ್ರಲ್ಲೂ ಐನೋಡ್ (ಪ್ರತಿ ಫೈಲಿಗೂ ಡಿಸ್ಕಲ್ಲಿ ಒಂದು ಬೇಕಾಗೋ ನಮೂದು, ಸಂಖ್ಯೆಗೆ ಮಿತಿ ಇರ್ತದೆ). ಮೇಲ್ ಇಡೋ ಮೇಲ್‌ಡಿರ್ ಪದ್ಧತಿಯಲ್ಲಿ ಒಂದು ಮೇಲಿಗೆ ಒಂದು ಫೈಲು. ಲಿನಕ್ಸ್ ಡಿಸ್ಕ್ ಫಾರ್ಮ್ಯಾಟ್ ಇಎಕ್ಸ್‌ಟಿ4ರ ಡೀಫಾಲ್ಟ್ ಲೆಕ್ಕ 16 ಕೆಬಿಗೆ ಒಂದು ಐನೋಡ್. ಎರಡೇ ಸಾಲಿನ ಚಿಕ್ಕ ಈಮೇಲ್‌ಗಳೇ ಜಾಸ್ತಿ ಇದ್ರೆ 40 ಜಿಬಿ ಖಾಲಿ ಕಾಣ್ತಾ ಇರ್ತದೆ, ಒಂದು ಫೈಲೂ ಬರೆಯಕ್ಕಾಗಲ್ಲ. ಅದೇ ಪಾರ್ಟಿಷನ್‌ಗೆ ಆಮೇಲೆ ಐನೋಡ್ ಸಂಖ್ಯೆ ಮಾತ್ರ ಏರಿಸಕ್ಕೆ ಬರಲ್ಲ: ಡಿಸ್ಕೇ ದೊಡ್ಡದು ಮಾಡ್ಬೇಕು, ಇಲ್ಲಾ ಹೊಸದಾಗಿ ಫಾರ್ಮ್ಯಾಟ್. 80 ಪರ್ಸೆಂಟಿಗೇ ಅಲರ್ಟ್ ಇಡ್ರಿ. ಇನ್ನ ಕರೆಂಟ್: ಸರ್ವರಿಗೆ ಯುಪಿಎಸ್ ಕೊಟ್ಟು ಫೈಬರ್ ಡಬ್ಬಿಗೆ ಕೊಡದೋರೇ ಜಾಸ್ತಿ. 12 ವೋಲ್ಟಿನ ಮಿನಿ ಯುಪಿಎಸ್ ಸಾಕು.

ಮಂಡಿಪೇಟೆ: ಸರ್ಟಿಫಿಕೇಟ್ ಸರಿ ಐತಿ, ಐನೋಡ್ 12 ಪರ್ಸೆಂಟ್. ಸರ್ವರ್ ವಿಪಿಎಸ್ ಅಂದ್ನಲ್ರಿ, ನಮ್ಮ ಕರೆಂಟಿಗೂ ಅದಕ್ಕೂ ಏನು?

ಹೊಳಲ್ಕೆರೆ: ಬ್ರೌಸರ್ ಬಹಳ ಹೊತ್ತು ತಿರುಗುತ್ತಾ, ಇಲ್ಲಾ ತಟ್ಟನೆ ಕನೆಕ್ಷನ್ ರಿಫ್ಯೂಸ್ಡ್ ಅಂತ ಬರುತ್ತಾ? ತಟ್ಟನೆ ಬಂದ್ರೆ ಫೇಲ್‌ಟುಬ್ಯಾನ್, ಪಾಸ್‌ವರ್ಡ್ ಪದೇ ಪದೇ ತಪ್ಪಿದ ಐಪಿಯನ್ನ ತಡೆಯೋ ಪ್ರೋಗ್ರಾಂ. ಅದರ ಡೀಫಾಲ್ಟು 10 ನಿಮಿಷದಲ್ಲಿ 5 ತಪ್ಪಿಗೆ 10 ನಿಮಿಷ ಬ್ಯಾನು. ಆಫೀಸಿಗೆಲ್ಲ ಹೊರಗೆ ಕಾಣೋದು ಒಂದೇ ಐಪಿ. ಒಬ್ಬ ಪಾಸ್‌ವರ್ಡ್ ತಪ್ಪಿದ್ರೆ 38 ಜನಕ್ಕೂ ಬಾಗಿಲು ಬಂದ್. ಅದರಲ್ಲಿ ಒಂದೊಂದು ಸೇವೆಗೆ ಒಂದೊಂದು ನಿಯಮ, ಅದಕ್ಕೆ ಜೈಲ್ ಅಂತಾರೆ: ಡೋವ್‌ಕಾಟ್ ಜೈಲ್ ಮೇಲ್ ಪೋರ್ಟ್ ಮಾತ್ರ ಮುಚ್ಚುತ್ತೆ, ವೆಬ್ ಮುಚ್ಚೋದು ರೌಂಡ್‌ಕ್ಯೂಬ್ ಜೈಲು. ಮತ್ತೆ ಮತ್ತೆ ಬ್ಯಾನ್ ಆದೋರನ್ನ ಹಿಡಿಯೋ ರೆಸಿಡಿವ್ ಜೈಲ್ ಆನ್ ಇದ್ದು ಅದಕ್ಕೆ ಸಿಕ್ಕಿದ್ರೆ ಎಲ್ಲಾ ಪೋರ್ಟೂ ಒಂದು ವಾರ. ಆಫೀಸಿನ ಸ್ಟ್ಯಾಟಿಕ್ (ಬದಲಾಗದ) ಐಪಿಯನ್ನ ಬ್ಯಾನ್ ಮಾಡಬಾರದ ಪಟ್ಟಿಗೆ, ಅಂದ್ರೆ ಇಗ್ನೋರ್‌ಐಪಿಗೆ ಹಾಕ್ರಿ. ಹಾಕೋಕ್ಕಿಂತ ಮುಂಚೆ ಲಾಗಲ್ಲಿ ಯಾವ ಅಕೌಂಟ್ ತಪ್ಪುತ್ತಿದೆ ಅಂತ ಹಿಡೀರಿ.

ವಿದ್ಯಾನಗರ: ಇಗ್ನೋರ್ ಹಾಕಿದ್ರೆ ಆಫೀಸಿನ ಒಂದು ವೈರಸ್ ಕಂಪ್ಯೂಟರ್ ಸಾಕು, ತಡೆಯೋರೇ ಇಲ್ಲ.

ಹೊಳಲ್ಕೆರೆ: ಹಂಗಾದ್ರೆ ಬ್ಯಾನ್ ಬದ್ಲು ಡೋವ್‌ಕಾಟಲ್ಲೇ ತಪ್ಪಿಗೆ ಉತ್ತರ ತಡ ಆಗೋ ಹಂಗೆ ಇಡ್ರಿ. ಮಾನಿಟರಿಂಗಿಗೆ ಅಪ್‌ಟೈಮ್ ಕುಮಾ ಅನ್ನೋ ಸಾಫ್ಟ್‌ವೇರ್ ಬೇರೆ ವಿಪಿಎಸ್ಸಲ್ಲಿ, ಅಲರ್ಟ್ ಟೆಲಿಗ್ರಾಮಿಗೆ. ಅಲರ್ಟನ್ನ ಅದೇ ಮೇಲ್ ಸರ್ವರಿಗೆ ಕಳಿಸೋರು ಇನ್ನೂ ಅದಾರೆ! ಪೇಜ್ ಸರಿ ಐತಿ ಅನ್ನೋ ಕೋಡ್ 200 ಬಂತು ಅಂತ ನಂಬಬ್ಯಾಡ್ರಿ. ಡೋವ್‌ಕಾಟ್ ಸತ್ತಿದ್ರೂ ಲಾಗಿನ್ ಪೇಜ್ ನಗ್ತಾ 200 ಕೊಡುತ್ತೆ. ಟೆಸ್ಟ್ ಅಕೌಂಟಿಂದ ಐಮ್ಯಾಪ್ (ಮೇಲ್‌ಬಾಕ್ಸ್ ತೆರೆಯೋ ಪದ್ಧತಿ) ಲಾಗಿನ್ ಸ್ಕ್ರಿಪ್ಟ್ ಐದು ನಿಮಿಷಕ್ಕೊಮ್ಮೆ ಓಡಲಿ. ಆದ್ರೆ ನಿಮ್ಮ ತೊಂದ್ರೆ ಹೊರಗಿನ ಮಾನಿಟರಿಗೆ ಕಾಣಲ್ಲ. ಆಫೀಸ್ ಒಳಗಿಂದ ಪರೀಕ್ಷಿಸೋ ಒಂದು ಪ್ರೋಬ್ ಕೂಡ ಬೇಕು, ಅಂಗೈಯಷ್ಟಿನ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಹಳೇದಿದ್ರೂ ನಡೀತದೆ.

ಚಳ್ಳಕೆರೆ: ಆ ಪೈಗೂ ಕರೆಂಟ್ ಬೇಕಲ್ಲ, ಅದಕ್ಕೇ ಯುಪಿಎಸ್ ಅಂದಿದ್ದು. ಟ್ಯೂಬುಲರ್ ಬ್ಯಾಟರಿನೇ ತಗೊಳ್ರಿ.

ಹರಿಹರ: 5 ವ್ಯಾಟಿನ ಪೈಗೆ ಟ್ಯೂಬುಲರಾ? ಅದಕ್ಕೆ ಡಿಸ್ಟಿಲ್ಡ್ ವಾಟರ್ ಯಾರು ಹಾಕ್ತಾರೆ, ನೀವು ಚಳ್ಳಕೆರೆಯಿಂದ ಬರ್ತೀರಾ?